ಕಲಬುರಗಿಯ ಬಿಸಿಲಿನಿಂದ

ಕಲಬುರಗಿ
ಮೇ 14

ಪ್ರೀತಿಯ ಸುಧಾ,

ಸುಖವಾಗಿ ಬಂದು ತಲುಪಿದೆ. ಅಕ್ಕ, ಭಾವ ಚೆನ್ನಾಗಿದ್ದಾರೆ. ಬಿಸಿಲು ಮಾತ್ರ 43 ಡಿಗ್ರಿ. ಮಂಗಳೂರಿನ ಹಾಗೆ ಮೈ ಅಂಟುವುದಿಲ್ಲ. ಇಲ್ಲಿಯದು ಒಣ ಧಗೆ, ಹರವಿದ ಬಟ್ಟೆ ನೋಡನೋಡುತ್ತಲೇ ಗರಿಗರಿ. ನಸುಕಿನಲ್ಲೇ ಎದ್ದು ಕೋಟೆಯೊಳಗಿನ ಜಾಮಿ ಮಸೀದಿ ನೋಡಿ ಬಂದೆವು. 1367ರದ್ದು. ನಡುವೆ ತೆರೆದ ಅಂಗಳವೇ ಇಲ್ಲ, ಅಷ್ಟೂ ಜಾಗಕ್ಕೆ ಚಾವಣಿ. ಆ ನೆರಳಿನಿಂದ ಎದ್ದು ಬರಲು ಮನಸ್ಸಾಗಲಿಲ್ಲ.

ನಿನಗೆ ಹೇಳಲೇಬೇಕಾದದ್ದು ಅಕ್ಕನ ಮನೆಯ ಮೇಲಿನ ಕೋಣೆಯ ಎಸಿ ವಿಷಯ. ಅಮ್ಮನ ಕೋಣೆಯದಕ್ಕೂ ಉಪಯೋಗಕ್ಕೆ ಬರುತ್ತದೆ. ಬೆಳಗಿನ ಜಾವ ಚೆನ್ನಾಗಿ ತಂಪು ಕೊಡುತ್ತಿತ್ತು, ಮಧ್ಯಾಹ್ನವಾದರೆ ಬರೀ ಗಾಳಿ. ಯಾರೋ ಫೋನಿನಲ್ಲೇ "ಗ್ಯಾಸ್ ಖಾಲಿ, ತುಂಬಿಸಬೇಕು" ಎಂದಿದ್ದರಂತೆ. ಭಾವ ಒಪ್ಪದೆ ಓಣಿಯ ಹಳೆಯ ಮೆಕ್ಯಾನಿಕ್‌ನನ್ನು ಕರೆಸಿದರು. ಆತನ ಮೊದಲ ಮಾತೇ ನನಗೆ ಹಿಡಿಸಿತು: "ಗ್ಯಾಸ್ ಅಂದ್ರ ಸ್ಟೋವಿನ ಎಣ್ಣಿ ಅಲ್ರಿ, ಉರದು ತೀರಲಿಕ್ಕ. ಕಡಿಮಿ ಆಗ್ಯಾದಂದ್ರ ಎಲ್ಯೋ ಸೋರಲಿಕತ್ತದ. ಅದನ್ನ ಬಂದ್ ಮಾಡದೆ ತುಂಬಿದ್ರ ರೊಕ್ಕ ಹಾಳು."

ಗ್ಯಾಸ್ ಕಡಿಮೆಯಿದ್ದರೆ ಬೆಳಿಗ್ಗೆಯೂ ತಂಪು ಸೊರಗಬೇಕಿತ್ತು, ಕೊಳವೆಯ ಮೇಲೆ ಹಿಮವೂ ಕಟ್ಟಬಹುದಿತ್ತು. ಎರಡೂ ಇರಲಿಲ್ಲ. ರಿಮೋಟ್ ಕೂಲ್‌ನಲ್ಲೇ ಇತ್ತು. ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ ಹಾಕಿದ ಮೇಲೆ ಗಾಳಿ ಜೋರಾಯಿತು, ತಂಪು ಹೆಚ್ಚಲಿಲ್ಲ. ಆಮೇಲೆ ಮಾಳಿಗೆ ಹತ್ತಿದೆವು.

ರೋಗ ಇದ್ದದ್ದು ಅಲ್ಲಿ. ಎಸಿ ತಂಪನ್ನು ಹುಟ್ಟಿಸುವುದಿಲ್ಲ ಸುಧಾ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಹೊರಗೆ 43 ಡಿಗ್ರಿ ಇರುವಾಗ ಶಾಖ ಅಲ್ಲಿಗೆ ಹೋಗಬೇಕಾದರೆ ಔಟ್‌ಡೋರ್ ಯೂನಿಟ್ಟಿನ ಕೊಳವೆಯೊಳಗಿನ ಗ್ಯಾಸ್ ಅದಕ್ಕಿಂತ ಬಿಸಿಯಾಗಿರಬೇಕು. ಇಲ್ಲಿ ಆ ಯೂನಿಟ್ಟಿನ ಜಾಲರಿಗೆ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಸಾಲದ್ದಕ್ಕೆ ನೀರಿನ ಟ್ಯಾಂಕಿಗೆ ಮರೆಯೆಂದು ನಿಲ್ಲಿಸಿದ ತಗಡು, ಯೂನಿಟ್ ಉಗುಳಿದ ಬಿಸಿಗಾಳಿಯನ್ನು ಅದರ ಬಾಯಿಗೇ ತಿರುಗಿಸುತ್ತಿತ್ತು. ಒತ್ತಡ ಏರಿ ಕಂಪ್ರೆಸರ್ ತನ್ನ ರಕ್ಷಣೆಗೆ ತಾನೇ ನಿಂತುಬಿಡುತ್ತಿತ್ತು. ಫ್ಯಾನ್ ಮಾತ್ರ ತಿರುಗುತ್ತಿತ್ತು.

ಮೇನ್ ಸ್ವಿಚ್ ಆರಿಸಿ, ಮೆಕ್ಯಾನಿಕ್ ಮೊದಲು ಕೆಪಾಸಿಟರ್‌ನ ವಿದ್ಯುತ್ತನ್ನು ಇಳಿಸಿದ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ನೀನು ಔಟ್‌ಡೋರ್ ಯೂನಿಟ್ಟಿನ ಮುಚ್ಚಳವನ್ನು ತೆಗೆಯಲೇಬೇಡ. ಮೀಟರಿಟ್ಟು ನೋಡಿದರೆ ಆ ಕೆಪಾಸಿಟರೂ ಬಲ ಕಳೆದುಕೊಂಡಿತ್ತು, ಬದಲಾಯಿಸಿದ. ಜಾಲರಿಯ ಎಳೆಗಳು ಬಾಗದಂತೆ ಮೆಲ್ಲಗೆ ನೀರು ಬಿಟ್ಟು ಒಳಗಿನಿಂದ ಹೊರಕ್ಕೆ ತೊಳೆದ. ತಗಡನ್ನು ಭಾವನೇ ಕಿತ್ತರು.

ಮಧ್ಯಾಹ್ನ ಥರ್ಮಾಮೀಟರ್ ಹಿಡಿದೆವು. ಎಸಿ ಎಳೆದುಕೊಳ್ಳುವ ಗಾಳಿ 32 ಡಿಗ್ರಿ, ಹೊರಬಿಡುವುದು 20. ಇಷ್ಟು ಅಂತರ ಬಂದರೆ ಯಂತ್ರ ಸರಿಯಿದೆ ಎಂದೇ ಲೆಕ್ಕ. ಅಕ್ಕ ಅಂದು ಊಟವಾದ ಮೇಲೆ ನೆಮ್ಮದಿಯಾಗಿ ಮಲಗಿದಳು. ನೋಡಿ ನನಗೆ ತುಂಬ ಖುಷಿಯಾಯಿತು.

ಇಲ್ಲಿ ಎಸಿಯ ನೀರಿನ ಪೈಪಿನಿಂದ ಹನಿ ಬೀಳುವುದೇ ಅಪರೂಪ, ಗಾಳಿಯಲ್ಲಿ ತೇವವಿಲ್ಲ. ನಮ್ಮಲ್ಲಿ ಹಾಗಲ್ಲ. ಅಮ್ಮನ ಎಸಿ ಗಂಟೆಗಟ್ಟಲೆ ಓಡಿಯೂ ನೀರು ಬರದಿದ್ದರೆ ಏನೋ ತೊಂದರೆಯಿದೆ ಎಂದು ತಿಳಿ. ಉಪ್ಪುಗಾಳಿಗೆ ಜಾಲರಿ ತುಕ್ಕು ಹಿಡಿದಿದೆಯೇ ಎಂದೂ ನೋಡಿಸು. ಯಾರಾದರೂ ಗ್ಯಾಸ್ ತುಂಬಲು ಬಂದರೆ, ಸೋರಿಕೆ ಎಲ್ಲಿದೆಯೆಂದು ತೋರಿಸದೆ ಹಣ ಕೊಡಬೇಡ. ಮಳೆಗಾಲಕ್ಕೆ ಮೊದಲೇ ಈ ಕೆಲಸ ಮುಗಿಸು.

ಅಮ್ಮನಿಗೆ ನಮಸ್ಕಾರ ತಿಳಿಸು. ಅಕ್ಕ ತೊಗರಿಬೇಳೆ ಕಟ್ಟಿಟ್ಟಿದ್ದಾಳೆ, ತರುತ್ತೇನೆ.

ಇಂತಿ ನಿನ್ನ ಅಣ್ಣ