ಗ್ರೇಟ್ ಮಾಲ್‌ನಲ್ಲಿ ಹುಟ್ಟಿದ ಕುದುರೆ

ಬೇ ಏರಿಯಾದಲ್ಲಿರೋ ಕನ್ನಡಿಗರಿಗೆ ಮಿಲ್ಪಿಟಾಸ್‌ನ ಗ್ರೇಟ್ ಮಾಲ್ ಬಗ್ಗೆ ಹೇಳಬೇಕಾಗಿಲ್ಲ. ಊರಿಗೆ ಹೊರಡೋ ಹಿಂದಿನ ವಾರ ಅಣ್ಣನ ಮಗನಿಗೆ ಶೂ, ಅತ್ತಿಗೆಗೆ ಹ್ಯಾಂಡ್‌ಬ್ಯಾಗ್ ಅಂತ ಅಲ್ಲಿ ಸುತ್ತಿ ಕಾಲು ನೋಯಿಸಿಕೊಳ್ಳದವರು ಯಾರಿದ್ದಾರೆ? ಆದರೆ ಅದೇ ಕಟ್ಟಡ 1955ರಿಂದ 1983ರವರೆಗೆ ಫೋರ್ಡ್ ಕಾರಿನ ಕಾರ್ಖಾನೆಯಾಗಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇದ್ದದ್ದು ಮಿಲ್ಪಿಟಾಸ್‌ನಲ್ಲಿ, ಹೆಸರು ಮಾತ್ರ ಸ್ಯಾನ್ ಹೋಸೆ ಪ್ಲಾಂಟ್. ಮುಚ್ಚಿ ಹನ್ನೊಂದು ವರ್ಷದ ಮೇಲೆ, 1994ರಲ್ಲಿ, ಅದು ಮಾಲ್ ಆಯ್ತು. ಮಸ್ಟಾಂಗ್ ಅನ್ನೋ ಕುದುರೆ ಬ್ರ್ಯಾಂಡಿನ ಕಾರುಗಳು ಅಲ್ಲಿಂದಲೂ ಹೊರಬರುತ್ತಿದ್ದವು.

ಇದು ನನಗೆ ಗೊತ್ತಾಗಿದ್ದು ಪಕ್ಕದ ಮನೆ ಅಜ್ಜಿಯಿಂದ. (ಹೆಸರು ಹಿಡಿದೇ ಕರೆಯಬೇಕು ಅಂತ ಅವರ ಹಟ. ಎಂಬತ್ತು ದಾಟಿದವರನ್ನು ಹೆಸರು ಹಿಡಿದು ಕರೆಯೋಕೆ ನನಗೆ ಬಾಯಿ ಬರಲ್ಲ. ಇಲ್ಲಾದರೂ ಅಜ್ಜಿ ಅಂತೀನಿ.) ಅವರ ಯಜಮಾನರು ತೀರಿಕೊಂಡು ಎರಡು ವರ್ಷ. ಗ್ಯಾರೇಜಿನಲ್ಲಿ ಅವರದೊಂದು ಹಳೇ ಮಸ್ಟಾಂಗ್ ಇದೆ. 1971ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆತ 1965ರ ಮಾರ್ಚಿನಲ್ಲಿ ಆ ಕಾರ್ಖಾನೆಗೆ ಸೇರಿ, ಬಾಗಿಲು ಕೂರಿಸೋ ಕಡೆ ಕೆಲಸ ಮಾಡ್ತಿದ್ದರಂತೆ. "ಇದು ನಮ್ಮ ಕೈಯಿಂದಲೇ ಹೋದ ಕಾರು" ಅಂತ ಬದುಕಿರೋವರೆಗೂ ಹೇಳ್ತಿದ್ದರಂತೆ.

ಅಜ್ಜಿಗೆ ಮನೆ ಖಾಲಿ ಮಾಡಿ ಮಗನ ಹತ್ತಿರ ಹೋಗಬೇಕು, ಕಾರು ಮಾರಬೇಕು. ನೋಡೋಕೆ ಬಂದ ವ್ಯಾಪಾರಿ ಡ್ರೈವರ್ ಬಾಗಿಲು ತೆಗೆದು ಅಂಚಿನಲ್ಲಿದ್ದ ತಗಡಿನ ಫಲಕ ಓದಿ, ಕಾಗದ ಪತ್ರ ಓದಿ, ತಲೆ ಅಲ್ಲಾಡಿಸಿದ. ಕಾಗದದಲ್ಲಿ 1965. ಫಲಕದಲ್ಲಿ 6ಎಫ್07ಸಿ. ಅಂದರೆ 1966ರ ಮಾಡೆಲ್, ಎಫ್ ಅಂದರೆ ಡಿಯರ್‌ಬಾರ್ನ್, ಮಿಶಿಗನ್ನಿನಲ್ಲಿ ತಯಾರಾದದ್ದು. "ಎರಡು ಕಾರು ಸೇರಿಸಿ ಹೊಲಿದಿದ್ದಾರೆ, ನಿಮ್ಮವರು ಕಥೆ ಕಟ್ಟಿದ್ದಾರೆ" ಅಂದು ಅರ್ಧ ಬೆಲೆಗೆ ಕೇಳಿದ. ಅಜ್ಜಿಗೆ ಬೆಲೆಗಿಂತ ಆ ಎರಡನೇ ಮಾತು ನಾಟಿಬಿಡ್ತು.

ನಾನು ಹಾಸನದಲ್ಲಿ ಮೆಕ್ಯಾನಿಕಲ್ ಓದಿ ಜಾವಾ ಬರೆಯೋಕೆ ಬಂದವನು. ಎಲ್ಲರ ಕಥೆಯೂ ಇದೇ, ಬಿಡಿ. ಅಂತೂ ಮೂರು ಶನಿವಾರ ಆ ಗ್ಯಾರೇಜಿನಲ್ಲಿ ಕಳೆದೆ. 1967ರಿಂದ ಈಚಿನ ಫೋರ್ಡ್ ಕಾರಾಗಿದ್ದರೆ ನಂಬರ್ ಕೊಟ್ಟರೆ ಸಾಕು, ಕಾರ್ಖಾನೆಯ ದಾಖಲೆ ಆಧರಿಸಿದ ಮಾರ್ಟಿ ರಿಪೋರ್ಟ್ ಸಿಗುತ್ತೆ. ಅದಕ್ಕಿಂತ ಹಳೇದಕ್ಕೆ ಆ ಸೌಲಭ್ಯ ಇಲ್ಲ. ಕಾರಿನ ಬಿಡಿಭಾಗಗಳನ್ನೇ ಕೇಳಬೇಕು.

ಮೊದಲು ಮಗನ ಆಸೆ ಒಂದಿತ್ತು: ಇದು '64½' ಇರಬಹುದಾ ಅಂತ. ಮಸ್ಟಾಂಗ್ ಬಿಡುಗಡೆ ಆಗಿದ್ದು 1964ರ ಏಪ್ರಿಲ್ 17ರಂದು. ಮೊದಲ ಕೆಲವು ತಿಂಗಳ ಕಾರುಗಳನ್ನು ಜನ ಅರವತ್ತನಾಲ್ಕೂವರೆ ಅಂತಾರೆ, ಅದಕ್ಕೆ ಬೇಡಿಕೆ ಜಾಸ್ತಿ. ತಮಾಷೆ ಅಂದರೆ ಫೋರ್ಡ್‌ನವರು ಎಲ್ಲವನ್ನೂ 1965 ಅಂತಲೇ ನಮೂದಿಸಿದ್ದರು, ಹಾಗಾಗಿ ನಂಬರಿನಿಂದ ನೇರವಾಗಿ ತಿಳಿಯಲ್ಲ. ಆದರೆ ಆ ಕಾರುಗಳಲ್ಲಿ ಆಲ್ಟರ್ನೇಟರ್ ಬದಲು ಜನರೇಟರ್ ಇರುತ್ತಿತ್ತು. ಬಾನೆಟ್ ಎತ್ತಿದರೆ ಆಲ್ಟರ್ನೇಟರ್ ಕೂತಿತ್ತು. ಮಗ ಫೋನಿನಲ್ಲಿ ನಿಟ್ಟುಸಿರು ಬಿಟ್ಟ :)

ಇನ್ನು ಆ ಫಲಕ. ಅದರಲ್ಲಿದ್ದ ಕೊನೆಯ ಸಿ ಅಕ್ಷರ ಎಂಟು ಸಿಲಿಂಡರಿನ 289 ಎಂಜಿನ್ನಿನದು. ಈ ಕಾರಿನಲ್ಲಿರೋದು ಆರು ಸಿಲಿಂಡರ್. ಚಕ್ರಗಳಿಗೆ ನಾಲ್ಕೇ ನಟ್ಟು. ಎಂಟು ಸಿಲಿಂಡರಿನವಕ್ಕೆ ಐದಿರುತ್ತೆ. ಎಂಜಿನ್ ಒಂದನ್ನೇ ಬದಲಿಸಿದ್ದರೆ ಚಕ್ರ ಕೂಡ ಬದಲಾಗಿರೋದು ಯಾಕೆ? ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಉದ್ದನೆ ಪಟ್ಟಿಯ ಹಾಗಿದೆ, ಫಾಲ್ಕನ್ ಕಾರಿನಿಂದ ತಂದದ್ದು, 65ರದು. 66ಕ್ಕೆ ಐದು ದುಂಡನೆ ಮೀಟರ್ ಬಂದವು. ಮುಂದಿನ ಗ್ರಿಲ್ ಮಾತ್ರ 66ರದು: 65ರಲ್ಲಿ ಜೇನುಗೂಡಿನ ಜಾಲರಿ, ಕುದುರೆಯ ಆಚೀಚೆ ಹೊಳೆಯೋ ಪಟ್ಟಿ ಇರುತ್ತಿದ್ದವು, 66ರಲ್ಲಿ ಆ ಪಟ್ಟಿ ತೆಗೆದು ಅಡ್ಡಗೆರೆಗಳ ಜಾಲರಿ ಹಾಕಿದರು. ಅಂದರೆ ಬಾಗಿಲು ಮತ್ತು ಗ್ರಿಲ್ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಮಗನಿಗೆ ಆಗ ನೆನಪಾಯ್ತು. ಅವನು ಸ್ಕೂಲಿನಲ್ಲಿದ್ದಾಗ ಸಿಗ್ನಲ್ಲಿನಲ್ಲಿ ಯಾರೋ ಎಡಮೂಲೆಗೆ ಗುದ್ದಿದ್ದರಂತೆ. ಅಪ್ಪ ಗುಜರಿಯಿಂದ ಬಾಗಿಲು, ಗ್ರಿಲ್ ತಂದು ಮನೆಯಲ್ಲೇ ಕೂರಿಸಿದ್ದರಂತೆ.

ಇಷ್ಟು ಸಾಕಾಗಲ್ಲ. ನೆನಪು ಸಾಕ್ಷಿ ಆಗಲ್ಲ ಅಂತ ವ್ಯಾಪಾರಿ ಹೇಳೇ ಹೇಳ್ತಾನೆ. ಬಾಗಿಲು ಕಳಚಬಹುದಾದ ವಸ್ತು. ಕಳಚಲಾಗದ ಜಾಗ ಬೇಕು. ಬಾನೆಟ್ ಕೆಳಗೆ, ಡ್ರೈವರ್ ಕಡೆ, ಒಳಫೆಂಡರಿನ ಮೇಲಂಚಿನ ತಗಡಿಗೇ ನಂಬರ್ ಒತ್ತಿರುತ್ತಾರೆ. ಅದರ ಮೇಲೆ ಮೂರು ಪದರ ಬಣ್ಣ. ಉಜ್ಜಿ ಉಜ್ಜಿ ಒಂದೊಂದೇ ಅಕ್ಷರ ತೇಲಿಬಂತು: 5ಆರ್07ಟಿ. 1965, ಆರ್ ಅಂದರೆ ಸ್ಯಾನ್ ಹೋಸೆ, 07 ಎರಡು ಬಾಗಿಲಿನ ಹಾರ್ಡ್‌ಟಾಪ್, ಟಿ ಅಂದರೆ 200 ಘನ ಇಂಚಿನ ಆರು ಸಿಲಿಂಡರ್. ಮುಂದಿನ ಆರು ಅಂಕಿಗಳೂ ಕಾಗದದ ಜೊತೆ ತಾಳೆಯಾದವು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಆ ಆರ್ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು.

ಆಮೇಲೆ ಕೇಳಿದರು: "ಸರಿ, ಆಗ ಆತ ಅಲ್ಲಿದ್ದರಾ?"

ಇದು ಕಷ್ಟದ ಪ್ರಶ್ನೆ. 65ರ ಮಾಡೆಲ್ ಅಂದರೆ 64ರಲ್ಲೇ ತಯಾರಾಗಿರಬಹುದು, ಆತ ಸೇರೋ ಮೊದಲೇ. ತಯಾರಿಕೆಯ ದಿನ ಇದ್ದದ್ದು ಮೂಲ ಬಾಗಿಲಿನ ಫಲಕದಲ್ಲಿ, ಅದು ಎಂದೋ ಗುಜರಿ ಸೇರಿತು. ಉಳಿದದ್ದು ಎಂಜಿನ್ ಮತ್ತು ಆಕ್ಸಲ್.

ಎಂಜಿನ್ ಬ್ಲಾಕಿನ ಮೇಲೆ ಎರಡು ಬಗೆಯ ಗುರುತು ಇರುತ್ತವೆ, ಜನ ಒಂದನ್ನು ಇನ್ನೊಂದು ಅಂದ್ಕೋತಾರೆ. ಸಿ5ಡಿಇ ಅಂತ ಶುರುವಾಗೋದು ವಿನ್ಯಾಸದ ನಂಬರ್: ಸಿ ಅಂದರೆ ಅರವತ್ತರ ದಶಕ, 5 ವರ್ಷ, ಡಿ ಫಾಲ್ಕನ್, ಇ ಎಂಜಿನ್ ವಿಭಾಗ. ಅದು ನಮ್ಮ ಸಾಫ್ಟ್‌ವೇರಿನ ವರ್ಷನ್ ನಂಬರ್ ಇದ್ದ ಹಾಗೆ, ಅದೇ ವಿನ್ಯಾಸ ಮುಂದೆಯೂ ಬಳಕೆಯಲ್ಲಿರಬಹುದು. ಬಿಲ್ಡ್ ಆದ ದಿನ ಬೇರೆ, ಅದು ಚಿಕ್ಕದು: ವರ್ಷಕ್ಕೊಂದು ಅಂಕಿ, ತಿಂಗಳಿಗೊಂದು ಅಕ್ಷರ, ಆಮೇಲೆ ತಾರೀಖು. ತಿಂಗಳುಗಳಿಗೆ ಎ ಇಂದ ಎಂ ತನಕ, ನಡುವೆ ಐ ಬಿಟ್ಟು. ಗ್ರೀಸ್ ಕೆರೆದು ಓದಿದೆ: 5ಡಿ22. 1965ರ ಏಪ್ರಿಲ್ 22ರಂದು ಎರಕ ಹೊಯ್ದದ್ದು. ಸಿಲಿಂಡರ್ ಹೆಡ್ 5ಡಿ20. ಹಿಂದಿನ ಆಕ್ಸಲ್ಲಿನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ತಗಡಿನಲ್ಲಿ ಮಸಿ ಹಿಡಿದ 5ಇಬಿ. ಆಕ್ಸಲ್ಲಿಗೆ ಕೊನೆಯ ಅಕ್ಷರ ವಾರದ್ದು, ಹಾಗಾಗಿ ಮೇ ತಿಂಗಳ ಎರಡನೇ ವಾರ.

ಲೆಕ್ಕ ಸುಲಭ. ಕಾರು ತನ್ನ ಅತಿ ಕಿರಿಯ ಭಾಗಕ್ಕಿಂತ ಹಳೇದಾಗಿರೋಕೆ ಸಾಧ್ಯ ಇಲ್ಲ. ಆಕ್ಸಲ್ ಕೂಡ ಗುಜರಿಯದ್ದಾಗಿದ್ದರೆ ಅಂತ ನೀವು ಕೇಳಬಹುದು, ನಾನೂ ಕೇಳಿಕೊಂಡೆ. ಆದರೆ ಎಂಜಿನ್ನಿಗೂ ಆಕ್ಸಲ್ಲಿಗೂ ಗಂಟು ಬಿದ್ದದ್ದು ಮಿಲ್ಪಿಟಾಸ್‌ನಲ್ಲೇ. ಅಲ್ಲಿ ನಡೀತಿದ್ದದ್ದು ಜೋಡಣೆ ಮಾತ್ರ. ಮುಖಾಮುಖಿ ಆಗದ ಸಾಕ್ಷಿಗಳು ಮೂರು ವಾರದ ಅಂತರದಲ್ಲಿ ಒಂದೇ ಕಥೆ ಹೇಳಿದರೆ ನಾನಂತೂ ನಂಬ್ತೀನಿ. ಕಾರು 65ರ ಮೇ ಮಧ್ಯದ ಮೇಲೆ ತಯಾರಾದದ್ದು, ಆತ ಮಾರ್ಚಿನಲ್ಲೇ ಸೇರಿದ್ದರು. ಅವರ ಕೈಯೇ ತಾಗಿತ್ತಾ ಅಂತ ಯಾವ ತಗಡೂ ಹೇಳಲ್ಲ. ಅಜ್ಜಿಗೂ ಹಾಗೇ ಹೇಳಿದೆ.

ಫೋಟೋ ಸಮೇತ ಎರಡು ಪುಟ ಪ್ರಿಂಟ್ ಮಾಡಿಕೊಟ್ಟೆ. ಮಗ ಇನ್ನೊಂದು ಉಪಾಯ ಹೇಳಿದ. ಇಂಟರ್‌ನೆಟ್ಟಿನಲ್ಲಿ ಹೊಸ ಫಲಕ ಮಾಡಿಕೊಡೋರಿದ್ದಾರೆ, ಬೇಕಾದ ತಾರೀಖು ಒತ್ತಿಸಿ ಬಾಗಿಲಿಗೆ ಹೊಡೆದರೆ ಜಗಳವೇ ಇಲ್ಲ ಅಂತ. ಅಜ್ಜಿ ಒಪ್ಪಲಿಲ್ಲ. "ಫಲಕ ಯಾರದೋ ಇರಲಿ, ಆ ಬಾಗಿಲು ಆತ ಕೂರಿಸಿದ್ದು ಅಂತೂ ಖಂಡಿತ ತಾನೇ" ಅಂದರು.

ವ್ಯಾಪಾರಿ ಆಮೇಲೆ ಎರಡು ಸಲ ಫೋನ್ ಮಾಡಿದ. ಕಾರು ಇನ್ನೂ ಇದೆ. ಯಾರಿಗಾದರೂ ಬೇಕಿದ್ದರೆ ನನಗೊಂದು ಮೈಲ್ ಹಾಕಿ. ಏಸಿ ಇಲ್ಲ, ಎಡಗಡೆ ಬಾಗಿಲು ಸ್ವಲ್ಪ ಜೋರಾಗಿ ಎಳೀಬೇಕು.