ಆಗುಂಬೆಯಲ್ಲಿ ಎಂಜಿನ್ ಆಫ್ ಮಾಡಿದ ಸಂಜೆ

ಆಗುಂಬೆಯ ಸೂರ್ಯಾಸ್ತ ನೋಡೋಕೆ ಜನ ಬೆಂಗಳೂರಿಂದ ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬರ್ತಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಅದು ಗಂಟೆ ದಾರಿಯೂ ಅಲ್ಲ. ಆದರೂ ಕಳೆದ ಡಿಸೆಂಬರ್‌ನ ಒಂದು ಶನಿವಾರ ಸಂಜೆ, ಹೆಬ್ರಿಯ ಅಕ್ಕನ ಮನೆಗೆ ಬಾಳೆಗೊನೆ ಹೇರಿಕೊಂಡು ಹೊರಟಾಗ, ಅಪ್ಪ ಅಲ್ಲಿ ಪಿಕಪ್ ನಿಲ್ಲಿಸಿದರೂ ಎಂಜಿನ್ ಆಫ್ ಮಾಡಲಿಲ್ಲ. "ನೀನು ಇಳಿದು ನೋಡ್ಕೊಂಡು ಬಾ, ನಾವು ಇಲ್ಲೇ ಕೂತಿರ್ತೀವಿ" ಅಂದರು.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ" ಅಂತ ಅಮ್ಮನೇ ಬಾಯಿಬಿಟ್ಟಳು.

ಆಗ ಒಂದೊಂದೇ ಹೊಳೆಯಿತು. ಅಪ್ಪ ಪೇಟೆಯಲ್ಲಿ ಗಾಡಿ ನಿಲ್ಲಿಸೋದು ಇಳಿಜಾರಲ್ಲೇ. ಅಡಿಕೆ ಮಂಡಿ ಎದುರೂ ಎಂಜಿನ್ ಓಡ್ತಾನೇ ಇರುತ್ತೆ. ಮಲ್ಪೆಗೆ ಹೋಗೋಣ ಅಂದ್ರೆ 'ಮುಂದಿನ ವಾರ'. ಆರು ತಿಂಗಳಿಂದ ಹೀಗೇ ಅಂತೆ. ಹೊಸ ಬ್ಯಾಟರಿ ಹಾಕಿಸಿದ್ದಾಯ್ತು, ಸೆಲ್ಫ್ ಮೋಟಾರ್ ಬಿಚ್ಚಿಸಿದ್ದೂ ಆಯ್ತು. ಗ್ಯಾರೇಜಿಗೆ ಒಯ್ದಾಗ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್! ನನಗೆ ಹೇಳಿರಲಿಲ್ಲ. ಹೇಳಿದ್ರೆ "ಮಾರಿಬಿಡಿ" ಅಂತೀನೆಂಬ ಭಯ. ನಿಜ, ಹಾಗೇ ಅಂತಿದ್ದೆ.

ಮುಂದೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು. ತಿರುವಿಗೊಂದು ಮಂಗಗಳ ಗುಂಪು. ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿ ಅಂತಾರಲ್ಲ, ಡಿಸೆಂಬರ್‌ನಲ್ಲೂ ಬಂಡೆಗಳ ಮೇಲೆ ಪಾಚಿ ಹಸಿರಾಗಿತ್ತು. ಇಂಥ ಥಂಡಿಯಲ್ಲಿ, ಕೆಸರಲ್ಲಿ ವರ್ಷಗಟ್ಟಲೆ ಓಡಿದ ಗಾಡಿಯ ಅಡಿ ಹೇಗಿರಬಹುದು ಅಂತ ಯೋಚಿಸ್ತಾ ಇಳಿದೆ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆ ಅಂಗಳದಲ್ಲಿ ಅಪ್ಪ ಕೀ ತಿರುಗಿಸಿದರು. 'ಟಕ್' ಅಂತ ಒಂದೇ ಶಬ್ದ. ನನಗೋ ಖುಷಿ. ಆಗಾಗ ಬಂದು ಮಾಯವಾಗುವ ಬಗ್ ಹಿಡಿಯೋದು ಅದು ಎದುರಿಗಿದ್ದಾಗ ಮಾತ್ರ ಅಂತ ಆಫೀಸಿನಲ್ಲಿ ಕಲಿತಿದ್ದೆ. "ತಡೀರಿ ಅಪ್ಪ, ಇನ್ನೊಂದ್ಸಲ ತಿರುಗಿಸ್ಬೇಡಿ!"

ಭಾವ ಪಂಪ್‌ಸೆಟ್‌ಗಂತ ಇಟ್ಟಿದ್ದ ಮಲ್ಟಿಮೀಟರ್ ತಂದರು. ಬ್ಯಾಟರಿ 12.6 ವೋಲ್ಟ್, ಗಟ್ಟಿಯಾಗೇ ಇದೆ. ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಅಪ್ಪ ಕೀ ತಿರುಗಿಸಿದರು. ಅರ್ಧ ವೋಲ್ಟ್ ಒಳಗಿರಬೇಕಾದದ್ದು ಒಂಬತ್ತು ದಾಟಿತು! ಅಂದರೆ ಮೋಟಾರಿಗೆ ಸಿಗಬೇಕಾದ ಶಕ್ತಿ ಅರ್ತ್ ವೈರಿನ ದಾರಿಯಲ್ಲೇ ಸೋರ್ತಿದೆ. ಖಾತ್ರಿಗೆ ಒಂದು ಜಂಪರ್ ಕೇಬಲನ್ನು ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ ನೇರ ಹಾಕಿದೆವು. ತಕ್ಷಣ ಸ್ಟಾರ್ಟ್.

ಗಾಡಿಯಡಿ ತೂರಿದೆ. ವೈರ್ ಚೆನ್ನಾಗೇ ಇತ್ತು. ಅದರ ಕೊನೆಯ ಬೋಲ್ಟ್ ಸಡಿಲಾಗಿ, ಕೆಸರಿನಡಿ ತುಕ್ಕು ಹಿಡಿದಿತ್ತು. ರಸ್ತೆಯ ಕುಲುಕಾಟಕ್ಕೆ ಒಮ್ಮೆ ತಾಗುತ್ತೆ, ಒಮ್ಮೆ ಇಲ್ಲ. ಲೈಟು, ಹಾರನ್‌ಗೆ ಬೇರೆ ಅರ್ತ್ ಇರೋದ್ರಿಂದ ಅವು ಚೆನ್ನಾಗಿದ್ದವು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬ್ಯಾಟರಿ ಕನೆಕ್ಷನ್ ತೆಗೆದು, ತುಕ್ಕನ್ನು ಸ್ಯಾಂಡ್ ಪೇಪರಲ್ಲಿ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆವು. ಅಪ್ಪ ಮಧ್ಯಾಹ್ನದ ತನಕ ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿದರು.

ಸಂಜೆ ಘಾಟಿ ಹತ್ತಿ ಅದೇ ಜಾಗಕ್ಕೆ ಬಂದೆವು. ಅಪ್ಪ ಗಾಡಿ ನಿಲ್ಲಿಸಿ, ಕೀ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು. ಆಮೇಲೆ ಆಫ್ ಮಾಡಿದರು. ಆ ಸದ್ದು ನಿಂತ ಮೇಲೇ ಕಾಡಿನ ಜೀರುಂಡೆ ಕೇಳಿಸಿದ್ದು. ಅಮ್ಮ ಸೆರಗು ಹೊದ್ದು ಕಟ್ಟೆ ಹತ್ತಿರ ನಿಂತಳು, ಅಪ್ಪ ಪಕ್ಕಕ್ಕೆ ಹೋದರು. ದೂರದಲ್ಲಿ ಸಮುದ್ರದ ಗೆರೆಯ ಮೇಲೆ ಸೂರ್ಯ ಕೆಂಪಗೆ ಚಪ್ಪಟೆಯಾಗಿ ಮುಳುಗಿದ. ಜನರೆಲ್ಲ ಹೋದರೂ ಇಬ್ಬರೂ ಕದಲಲಿಲ್ಲ.

ಕತ್ತಲಾದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಅಪ್ಪ ಗೇರ್ ಹಾಕುತ್ತಾ ಅಂದರು: "ಮುಂದಿನ ವಾರ ನಾನೂ ನಿನ್ನಮ್ಮನೂ ಮಲ್ಪೆಗೆ ಹೋಗ್ತೀವಿ. ನೀನು ಬರ್ದಿದ್ರೂ ಪರವಾಗಿಲ್ಲ."