ಗುರುಪುರದ ದಾರಿಯಲ್ಲಿ ಆಹಾರದ ವಿಚಾರ

ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ ಸುಮಾರು 45 ಕಿಲೋಮೀಟರು ಕ್ರಮಿಸಿದರೆ ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು ದೊರೆಯುತ್ತದೆ. ಅಲ್ಲಿಂದ ಹೆದ್ದಾರಿಯನ್ನು ಬಿಟ್ಟು ನಾಗರಹೊಳೆಯ ಕಾಡಿನ ಕಡೆಗೆ ಹೊರಳಿದರೆ ಗುರುಪುರ. 1959ರಲ್ಲಿ ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆ ಕಲ್ಪಿಸಿತು. ಗುರುಪುರದ ರಬ್‌ಗೇಲಿಂಗ್ ವಸಾಹತು 1970ರ ದಶಕದಲ್ಲಿ ನೆಲೆಗೊಂಡದ್ದು. 1433ರಲ್ಲಿ ಟಿಬೆಟ್ಟಿನಲ್ಲಿ ಸ್ಥಾಪಿತವಾದ ಗ್ಯುದ್ಮೆ ಮಠವು ಇಂದು ಇಲ್ಲಿಯೇ ಇದ್ದು, ಕೆಂಪು ವಸ್ತ್ರದ ಭಿಕ್ಷುಗಳಿಗೆ ವಿದ್ಯಾದಾನ ಮಾಡುತ್ತಿದೆ.

ನಾವು ಮೂರು ಕುಟುಂಬದವರು ಶ್ರಾವಣ ಮಾಸದಲ್ಲಿ ಅಲ್ಲಿಗೆ ಹೋಗಿಬಂದೆವು. ದಾರಿಯ ಎರಡೂ ಬದಿಗೆ ವರ್ಜೀನಿಯಾ ಹೊಗೆಸೊಪ್ಪಿನ ಹೊಲಗಳು; ನಡುನಡುವೆ ಎಲೆ ಹದ ಮಾಡುವ ಎತ್ತರದ ಬ್ಯಾರನ್‌ಗಳು; ಅವುಗಳ ಪಕ್ಕದಲ್ಲಿ ಒಟ್ಟಿದ ಸೌದೆಯ ರಾಶಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಅನೇಕ ಮನೆಗಳ ಮದುವೆ, ಮಕ್ಕಳ ಓದು, ಸಾಲದ ತೀರುವೆ ಎಲ್ಲವೂ ಈ ಸೊಪ್ಪನ್ನೇ ನಂಬಿಕೊಂಡಿವೆ.

ವಸಾಹತಿನ ಒಂದು ಸಣ್ಣ ಹೋಟೆಲಿನಲ್ಲಿ ಮಕ್ಕಳು ತರಕಾರಿ ತುಂಬಿದ ಮೋಮೊ ಬೇಕೆಂದು ಹಟ ಹಿಡಿದರು. ನಮ್ಮ ಕಡುಬಿನ ತಂಗಿಯೆನ್ನಬಹುದಾದ ಈ ತಿನಿಸು ಹಬೆಯಲ್ಲಿ ಬೇಯುವಂಥದು. ಬಣ್ಣವಿಲ್ಲ, ಬಾಣಲೆಯ ಎಣ್ಣೆಯಿಲ್ಲ. ಜೊತೆಯಲ್ಲಿದ್ದ ಹಿರಿಯರೂ ಒಂದೆರಡು ರುಚಿ ನೋಡಿ ಮೆಚ್ಚಿದರು.

ಹಿಂದಿರುಗುವಾಗ ಹುಣಸೂರಿನ ಬಳಿ ಮಕ್ಕಳು ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತರು. ತಟ್ಟೆಯಲ್ಲಿದ್ದ ಗೋಬಿ ಕಡುಗೆಂಪಾಗಿರದೆ ಕಂದುಬಣ್ಣಕ್ಕಿತ್ತು. ಕಾರಣವನ್ನು ಕೇಳಿದೆವು. ಗಾಡಿಯಾತ ಸಂಕೋಚವಿಲ್ಲದೆ ನುಡಿದ: “ಮೊದಲು ಬಣ್ಣ ಹಾಕ್ತಿದ್ದೆ ಸ್ವಾಮಿ. ಹಾಕದೇ ಹೋದ್ರೆ ಗಿರಾಕಿ ಪಕ್ಕದ ಗಾಡಿಗೆ ಹೋಗೋರು. ಸರ್ಕಾರದ ಆರ್ಡರ್ ಬಂದ್ಮೇಲೆ ಅವನೂ ಬಿಟ್ಟ, ನಾನೂ ಬಿಟ್ಟೆ. ಈಗ ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕ್ತೀನಿ.”

ಹೋಟೆಲಿನ ಆಹಾರದಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಸರ್ಕಾರ ನಿರ್ಧರಿಸಬೇಕೆ ಎಂಬ ಪ್ರಶ್ನೆಗೆ ಈ ಎರಡು ಮಾತಿನಲ್ಲಿಯೇ ಉತ್ತರವಿದೆಯೆಂದು ನಮಗೆ ತೋರಿತು. ಒಬ್ಬನೇ ಪ್ರಾಮಾಣಿಕನಾದರೆ ಅವನ ವ್ಯಾಪಾರ ಕೆಡುತ್ತದೆ. ಎಲ್ಲರಿಗೂ ಒಂದೇ ಕಟ್ಟಳೆಯಾದರೆ ಪ್ರಾಮಾಣಿಕನೂ ಬದುಕುತ್ತಾನೆ. ಶುದ್ಧ ಕಾಯಕವನ್ನು ಬಯಸುವವನಿಗೆ ಕಾನೂನು ಕೋಳವಲ್ಲ, ಊರುಗೋಲು.

ಆತ ಹೇಳಿದ ಆರ್ಡರ್ ಹೊರಬಿದ್ದದ್ದು 2024ರ ಮಾರ್ಚ್ 11ರಂದು. ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಕಂಡಿತು. ಬಾಂಬೆ ಮಿಠಾಯಿ, ಅಂದರೆ ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆನಿಸಿದವು. ಗೋಬಿಯಲ್ಲಿ ಸಿಕ್ಕವು ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್. ಇವು ಕೆಲವು ಸಿಹಿತಿನಿಸು, ಪಾನೀಯಗಳಿಗೆ ಮಿತಿಯೊಳಗೆ ಅನುಮತಿಯುಳ್ಳವು. ಗೋಬಿಯಂಥ ಅಡುಗೆಗೆ ಅನುಮತಿಯಿಲ್ಲ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದಂತೂ ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ. ಯಾವ ಆಹಾರದಲ್ಲಿಯೂ ಅದಕ್ಕೆ ಸ್ಥಳವಿಲ್ಲ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಈ ಬಣ್ಣಗಳ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿ, ತಪ್ಪಿದವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ಹಾಗೂ 10 ಲಕ್ಷ ರೂಪಾಯಿವರೆಗೆ ದಂಡವೆಂದು ಎಚ್ಚರಿಸಿದರು. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂದಿತು. 2025ರ ಫೆಬ್ರವರಿಯಲ್ಲಿ ಇಡ್ಲಿಯ ಸರದಿ. ಪರಿಶೀಲಿಸಿದ 251 ಕಡೆಗಳಲ್ಲಿ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುತ್ತಿದ್ದುದು ಕಂಡುಬಂದಿತು. ಕಾಯಿಲೆ ಬಿದ್ದವರಿಗೆ ಹಿರಿಯರು ನಿರ್ಭಯವಾಗಿ ಕೊಡಿಸುತ್ತಿದ್ದ ಇಡ್ಲಿಗೂ ಈ ಗತಿ ಬಂದದ್ದು ವಿಷಾದದ ಸಂಗತಿ.

ಗಮನಿಸತಕ್ಕ ಅಂಶವೊಂದಿದೆ. ಸರ್ಕಾರವು ಗೋಬಿಯನ್ನು ನಿಷೇಧಿಸಲಿಲ್ಲ, ಬಣ್ಣವನ್ನು ನಿಷೇಧಿಸಿತು. ಬಣ್ಣವಿಲ್ಲದ ಬಿಳಿಯ ಬಾಂಬೆ ಮಿಠಾಯಿಯನ್ನು ಮಾರಲು ಅಡ್ಡಿಯಿರಲಿಲ್ಲ. ಗಾಡಿ ಉಳಿಯಿತು, ಗಾಡಿಯವನ ಅನ್ನವೂ ಉಳಿಯಿತು, ವಿಷ ಮಾತ್ರ ಹೋಯಿತು. ನಿಯಂತ್ರಣವೆಂದರೆ ಹೀಗಿರಬೇಕು.

“ನಮ್ಮ ನಾಲಿಗೆ, ನಮ್ಮ ಹಣ; ಏನು ತಿನ್ನಬೇಕೆಂದು ಹೇಳಲು ಸರ್ಕಾರ ಯಾರು?” ಎಂದು ಕೇಳುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜಾಮೂನಿನ ಸಕ್ಕರೆ, ಉಪ್ಪಿನಕಾಯಿಯ ಉಪ್ಪು, ಬೋಂಡದ ಎಣ್ಣೆ ನಾಲಿಗೆಗೆ ತಿಳಿಯುತ್ತವೆ. ಅಲ್ಲಿ ಮಿತಿಯನ್ನು ಹಾಕಿಕೊಳ್ಳಬೇಕಾದವರು ನಾವೇ. ಆದರೆ ಬಣ್ಣದ ಪುಡಿಯ ಹೆಸರಾಗಲಿ, ಅದೇ ಎಣ್ಣೆಯನ್ನು ಎಷ್ಟು ಸಲ ಕಾಯಿಸಿದರೆಂಬುದಾಗಲಿ ನಾಲಿಗೆಗೆ ತಿಳಿಯುವುದೆ? ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗಿರುವುದರ ಪಟ್ಟಿಯಿರುತ್ತದೆ. ತಟ್ಟೆಗೆ ಅಂಥ ಪಟ್ಟಿಯಿಲ್ಲ. ಕಣ್ಣಿಗೆ ಕಾಣದುದನ್ನು ನಮ್ಮ ಪರವಾಗಿ ನೋಡುವವರೊಬ್ಬರು ಬೇಕು. ಆ ಕಣ್ಣೇ ಸರ್ಕಾರ.

ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2006ರದು. ಬಾಣಲೆಯಲ್ಲಿ ಪದೇ ಪದೇ ಕಾಯ್ದ ಎಣ್ಣೆಯಲ್ಲಿ ಹುಟ್ಟುವ ಕೆಡುಕಿನ ಅಂಶ ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮ 2018ರ ಜುಲೈನಿಂದ ಇದೆ. ಡಾಲ್ಡಾದಂಥ ವನಸ್ಪತಿಯಲ್ಲಿ ಹೃದಯಕ್ಕೆ ಮಾರಕವಾದ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರಲ್ಲಿ ಶೇಕಡಾ 3ಕ್ಕೂ 2022ರಲ್ಲಿ ಶೇಕಡಾ 2ಕ್ಕೂ ಇಳಿಸಲಾಯಿತು. ಡೆನ್ಮಾರ್ಕ್ ದೇಶ ಈ ದಾರಿಯನ್ನು 2003ರಲ್ಲಿಯೇ ಹಿಡಿದಿತ್ತು. ನ್ಯೂಯಾರ್ಕ್ ನಗರ 2006ರಲ್ಲಿ ಹೋಟೆಲುಗಳ ಅಡುಗೆಗೇ ಈ ಕಟ್ಟಳೆ ವಿಧಿಸಿತು. ಅಲ್ಲಿಯ ಜನರು ಹೋಟೆಲಿಗೆ ಹೋಗುವುದನ್ನು ಬಿಡಲಿಲ್ಲ, ಹೋಟೆಲುಗಳು ಎಣ್ಣೆಯನ್ನು ಬದಲಿಸಿದವು. ಕಾರ್ಖಾನೆಯಲ್ಲಿಯೇ ತಡೆದರೆ ಬೀದಿಯ ಬಡ ವ್ಯಾಪಾರಿಯ ಮೇಲೆ ಹೊರೆ ಬೀಳುವುದಿಲ್ಲವೆಂಬುದು ಇಲ್ಲಿಯ ಪಾಠ.

ಹುಣಸೂರು ಸೀಮೆಯ ರೈತನಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. 1975ರ ಕಾಯಿದೆಯಂತೆ ರಚನೆಯಾದ ತಂಬಾಕು ಮಂಡಳಿಯು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರನ್ನು ನೋಂದಾಯಿಸಿಕೊಂಡು, ಬ್ಯಾರನ್‌ಗೆ ಪರವಾನಗಿ ಕೊಟ್ಟು, ಬೆಳೆಯ ಪ್ರಮಾಣವನ್ನೂ ಗೊತ್ತುಪಡಿಸುತ್ತದೆ. ಆ ಸೊಪ್ಪಿನ ಸಿಗರೇಟು ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರವಿಲ್ಲದೆ ಮಾರುವಂತಿಲ್ಲ. ಆಹಾರದಲ್ಲಿ ತಂಬಾಕು ಇರಕೂಡದೆಂಬ ಇದೇ ಆಹಾರ ಕಾನೂನಿನ ನಿಯಮದ ಬಲದಿಂದಲೇ 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಬಳಿಕ ನಡೆದದ್ದೇನು? ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಂಡರು. ಕಾನೂನು ಕಾಗದದ ಮೇಲೆ ಗೆದ್ದು ಬೀದಿಯಲ್ಲಿ ಸೋಲಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಆದಕಾರಣ ಆದೇಶದಷ್ಟೇ ಅದರ ಪಾಲನೆಯೂ ಮುಖ್ಯ. ಆಹಾರ ವಿಶ್ಲೇಷಕರು ಮಾದರಿ ತಲುಪಿದ 14 ದಿನಗಳಲ್ಲಿ ವರದಿ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಆಹಾರ ವಿಜ್ಞಾನಕ್ಕೆ ದೇಶದಲ್ಲಿಯೇ ಹೆಸರಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯು 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿದೆ. ಇಂಥ ಜಿಲ್ಲೆಯ ಹಳ್ಳಿಯ ಗಾಡಿಯವನಿಗೆ ಯಾವ ಪುಡಿ ಬೇಡ, ಅದರ ಬದಲು ಯಾವುದು ಬೇಕೆಂದು ಕಲಿಸುವುದು ಅಸಾಧ್ಯವೇನಲ್ಲ. ದಂಡದ ಹೆದರಿಕೆಯೊಂದರಿಂದಲೇ ಕೆಲಸ ನಡೆಸಹೊರಟರೆ ಅದು ಲಂಚಕ್ಕೆ ಬಾಗಿಲು ತೆರೆಯುತ್ತದೆ. ಮೊದಲು ತಿಳಿವಳಿಕೆ, ಮತ್ತೆ ಎಚ್ಚರಿಕೆ, ತಿದ್ದಿಕೊಳ್ಳದವನಿಗೆ ದಂಡ. ವಿಷದ ಪುಡಿಯನ್ನು ತಯಾರಿಸಿ ಹಂಚುವವನಿಗಂತೂ ಮೊದಲ ದಿನವೇ ದಂಡ. ಇದು ನ್ಯಾಯವಾದ ಕ್ರಮ.

ನಮ್ಮ ಪಾಲಿನ ಹೊಣೆಯೂ ಉಂಟು. ಲಾಭಕ್ಕಾಗಿ ನಡೆಯಲಿ, ನಡೆಯದಿರಲಿ, ಆಹಾರ ಒದಗಿಸುವ ಸಂಸ್ಥೆಗಳೆಲ್ಲವೂ ಈ ಕಾಯಿದೆಯ ವ್ಯಾಪ್ತಿಗೆ ಸೇರುತ್ತವೆ. ಜಂಗಮಕ್ಕೆ ನೀಡುವ ಅನ್ನವನ್ನು ಪ್ರಸಾದವೆಂದು ಕರೆಯುವ ನಾವು ದಾಸೋಹದ ಲಾಡಿಗೂ ಕೇಸರಿಬಾತಿಗೂ ಬಣ್ಣದ ಪುಡಿ ಬೆರೆಸುವುದು ಸಲ್ಲದು. ಚುಂಚನಕಟ್ಟೆಯಂಥ ಜಾತ್ರೆಗಳಲ್ಲಿ ಅಂಗಡಿಗೆ ಜಾಗ ಕೊಡುವಾಗಲೇ ಬಣ್ಣ ಕೂಡದೆಂಬ ಷರತ್ತು ಹಾಕಬಹುದು. ಮದುವೆಯ ಅಡುಗೆಯವರಿಗೆ ಪಟ್ಟಿ ಕೊಡುವಾಗ ತಾಯಂದಿರು ಇದೊಂದು ಮಾತನ್ನು ಸೇರಿಸಿ ಹೇಳಬಹುದು. ಇನ್ನು ಮುಂದೆ ಗಾಡಿಯ ಮುಂದೆ ನಿಂತಾಗ ಕಂದುಬಣ್ಣದ ಗೋಬಿಯನ್ನು ಕಂಡು ಮೂಗು ಮುರಿಯದೆ, ಅದನ್ನೇ ಕೇಳಿ ಕೊಳ್ಳೋಣ. ಆ ವ್ಯಾಪಾರಿಯ ಪ್ರಾಮಾಣಿಕತೆಗೆ ಸರ್ಕಾರದ ಆದೇಶ ಒಂದು ಬಲವಾದರೆ, ನಮ್ಮ ಆಯ್ಕೆ ಇನ್ನೊಂದು ಬಲ.